ಕ್ಲಚ್ಚಿನ ಮೇಲಿನ ಕಾಲು

ಕಾರು ಕೊಳ್ಳುವ ಮಾತು ಬಂದಾಗ ನಮ್ಮ ಮನೆಯವರು ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಗೆ ನಡುವೆ ಗೆರೆ ಎಳೆದರು. ಎಡಕ್ಕೆ ‘ಫಾಯದೆ’ ಎಂದು ಬರೆದರು, ಬಲಕ್ಕೆ ‘ಲುಕ್ಸಾನು’ ಎಂದು. ಹಳಿಯಾಳದ ಪೇಟೆಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಹೀಗೆ ಗೆರೆ ಎಳೆಯದೆ ಅವರು ಮನೆಗೆ ಒಂದು ಮಿಕ್ಸರ್ ಕೂಡ ತಂದವರಲ್ಲ. ನನ್ನನ್ನು ನೋಡಿಹೋದ ದಿನವೂ ಇಂಥದೊಂದು ಹಾಳೆ ಬರೆದಿದ್ದರೇ ಎಂದು ಎಷ್ಟೋ ಸಲ ಕೇಳಬೇಕೆನಿಸಿದೆ, ಕೇಳಿಲ್ಲ.

ಎಡಗಡೆ ಬೇಗ ತುಂಬಿತು. ಡೀಸೆಲ್ ಗಾಡಿಗೆ ಮೈಲೇಜ್ ಹೆಚ್ಚು. ಎಣ್ಣೆ ಪೆಟ್ರೋಲಿಗಿಂತ ಅಗ್ಗ. ಘಟ್ಟದ ಏರಿನಲ್ಲಿ ಎಳೆತ ಚೆನ್ನ. ಇಂಜಿನ್ ಗಟ್ಟಿ, ಬಹಳ ವರ್ಷ ಬಾಳುತ್ತದೆ. ಮನೆಯಲ್ಲೇ ಬ್ಯಾರಲ್ ಇದೆ. ಬಲಗಡೆಗೆ ಬಿದ್ದದ್ದು ಮೂರೇ ಸಾಲು. ಸದ್ದು. ವಾಸನೆ. ಹೆಣ್ಮಕ್ಕಳ ಕೈಗೆ ಭಾರ.

ಆ ಕೊನೆಯ ಸಾಲು ಓದಿ ನಾನು ನಕ್ಕೆ. ಚೇಷ್ಟೆ ಮಾಡಿದ್ದಾರೆಂದು ತಿಳಿದೆ. ಅವರು ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಹಾಳೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದರು.

ಕಾರು ಬೇಕಾಗಿದ್ದದ್ದು ನನಗೆ. ನಾನು ಸರಕಾರಿ ಶಾಲೆಯ ಶಿಕ್ಷಕಿ. ಆ ವರ್ಷ ನನಗೆ ಜೋಯಿಡಾ ತಾಲೂಕಿನ ಕುಂಬಾರವಾಡಕ್ಕೆ ವರ್ಗವಾಗಿತ್ತು. ಹಳಿಯಾಳದಿಂದ ದಾಂಡೇಲಿಗೆ ಒಂದು ಬಸ್ಸು, ದಾಂಡೇಲಿಯಿಂದ ಜೋಯಿಡಾಕ್ಕೆ ಇನ್ನೊಂದು, ಅಲ್ಲಿಂದ ಕುಂಬಾರವಾಡಕ್ಕೆ ಮತ್ತೊಂದು. ಮೊದಲನೆಯದು ಹತ್ತು ನಿಮಿಷ ತಡವಾದರೆ ಉಳಿದೆರಡೂ ಕೈಬಿಟ್ಟು ಹೋಗುತ್ತಿದ್ದವು. ಆಗ ಜೋಯಿಡಾದ ನಿಲ್ದಾಣದಲ್ಲಿ ಕುಳಿತು, ಗೋಡಂಬಿಯವರ ಪಿಕಪ್ಪೋ, ಕರೆಂಟಿನವರ ಜೀಪೋ ಬಂದೀತೆಂದು ರಸ್ತೆ ಕಾಯಬೇಕು. ಮಕ್ಕಳು ಮಾತ್ರ ಕಾಡಿನ ಕಾಲುದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ನಡೆದು ಹೊತ್ತಿಗೆ ಸರಿಯಾಗಿ ಬಂದು ಕುಳಿತಿರುತ್ತಿದ್ದರು. ಹನ್ನೊಂದು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ಒಳಗೆ ಹೋದಾಗ ಅವರು ಎದ್ದು ನಿಂತು ನಮಸ್ತೆ ಹೇಳುವುದನ್ನು ಕೇಳಿ ನನಗೆ ನಾಚಿಕೆಯಾಗುತ್ತಿತ್ತು.

ನಾನು ಕೇಳಿದ್ದು ಒಂದು ಸಣ್ಣ ಪೆಟ್ರೋಲ್ ಕಾರು. ನಾನೇ ಓಡಿಸಿಕೊಂಡು ಹೋಗಿ ಬರುವಂಥದು. ‘ಪೆಟ್ರೋಲ್ ಗಾಡಿ ಆ ಏರಿನ್ಯಾಗ ದಮ್ಮು ಹತ್ತಿದವರಂಗ ಮಾಡ್ತೈತಿ. ತಗೊಂಡ್ರ ಡೀಸೆಲ್ ತಗೋಬೇಕು,’ ಅಂದರು ನಮ್ಮವರು. ಸರಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ದಿನಕ್ಕೆ ನೂರೈವತ್ತು ಕಿಲೋಮೀಟರ್ ಹತ್ತಿರ ಓಡುವವರಿಗೆ ಡೀಸೆಲ್ಲೇ ಸರಿ ಎಂದು ಮಾರುವವನೂ ಹೇಳಿದ. ಒಬ್ಬರು ಬಳಸಿ ಬಿಟ್ಟ ಬಿಳಿ ಕಾರು ಮನೆಗೆ ಬಂತು. ಸಂಬಳ ನನ್ನದು, ಕಾಗದದ ಮೇಲಿನ ಹೆಸರು ಅವರದು.

ಡೀಸೆಲ್ ನನಗೆ ಹೊಸದಾಗಿರಲಿಲ್ಲ. ನನ್ನ ತವರು ಮುಂಡಗೋಡ ತಾಲೂಕಿನ ಇಂದೂರ. ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ನನ್ನನ್ನು ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂರಿಸಿ, ಕೆಸರುಗದ್ದೆಯಲ್ಲಿ ಸ್ಟೇರಿಂಗ್ ಕೈಗೆ ಕೊಟ್ಟಿದ್ದ. ಏರಿನಲ್ಲಿ ನಿಂತರೆ ಮೊದಲು ಚಕ್ರದ ಹಿಂದೆ ಕಲ್ಲು ಇಡಬೇಕು, ಆಮೇಲೆ ಏನಾಯಿತೆಂದು ನೋಡಬೇಕು ಎಂದು ಕಲಿಸಿದ್ದೂ ಅಪ್ಪನೇ. ‘ಗಾಡಿ ಮಾತಾಡ್ತೈತವ್ವಾ, ಕಿವಿಗೊಟ್ಟು ಕೇಳು,’ ಅನ್ನುತ್ತಿದ್ದ. ಇದನ್ನೆಲ್ಲ ನಾನು ಗಂಡನ ಮನೆಯಲ್ಲಿ ಹೇಳಿದ್ದೆ. ಕೇಳಿಸಿಕೊಂಡವರು ಇರಲಿಲ್ಲ.

ಇನ್ನು ಬ್ಯಾರಲ್ಲಿನ ಸಂಗತಿ. ನಮ್ಮ ಮನೆ ಹಳಿಯಾಳದ ಹೊರಗೆ, ಪೇಟೆಯಿಂದ ಎರಡು ಕಿಲೋಮೀಟರ್. ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ ಒಂದು ಕಬ್ಬಿಣದ ಬ್ಯಾರಲ್ ನಿಂತಿರುತ್ತದೆ. ಬಿತ್ತನೆಯ ಮೊದಲು ಟ್ರ್ಯಾಕ್ಟರಿನಲ್ಲಿ ಒಯ್ದು ಡೀಸೆಲ್ ತುಂಬಿಸಿ ತಂದರೆ ಟ್ರ್ಯಾಕ್ಟರಿಗೂ ಅದೇ, ನೀರೆತ್ತುವ ಪಂಪಿಗೂ ಅದೇ. ಅದಕ್ಕೆ ಒಡೆಯರು ನಮ್ಮ ಮಾವ. ರಬ್ಬರ್ ನಳಿಗೆ ಇಳಿಬಿಟ್ಟು, ಬಾಯಿಂದ ಎಳೆದು, ಥೂ ಎಂದು ಉಗುಳಿ, ಹಳೆಯ ಧೋತರದ ತುಂಡು ಕಟ್ಟಿದ ಲಾಳಿಕೆಯಲ್ಲಿ ಸೋಸಿ ಹಾಕುವುದು ಅವರ ಕೆಲಸ. ಬೇರೆ ಯಾರೂ ಆ ನಳಿಗೆ ಮುಟ್ಟುವಂತಿಲ್ಲ. ಮನೆಯ ತುಪ್ಪ ಪೇಟೆಯ ತುಪ್ಪಕ್ಕಿಂತ ಶುದ್ಧ ಅನ್ನುವ ಹಾಗೆಯೇ ನಮ್ಮ ಮಾವನಿಗೆ ಮನೆಯ ಡೀಸೆಲ್ ಪಂಪಿನ ಡೀಸೆಲ್ಲಿಗಿಂತ ಶುದ್ಧ.

ಕಾರು ಬಂದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದ ಮನೆ ಇಲ್ಲ. ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಕಾಯಿ ಒಡೆದು, ಗಾಲಿಗೆ ಲಿಂಬೆಹಣ್ಣು ಇಟ್ಟದ್ದಾಯಿತು. ಆಮೇಲೆ ಮಾವ ಲಾಳಿಕೆ ಹಿಡಿದುಕೊಂಡು ಬಂದರು.

‘ಮೊದಲನೇ ತುತ್ತು ಮನೀದ ಆಗ್ಲಿ,’ ಅಂದರು.

ಎಲ್ಲರಿಗೂ ಸಂತೋಷವಾಯಿತು. ನನಗೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ನಾನು ಹಳಿಯಾಳದ ಡ್ರೈವಿಂಗ್ ಶಾಲೆಗೆ ಸೇರಿ ಕಲಿತೆ. ದಾಂಡೇಲಿಯ ಆರ್‌ಟಿಓ ಕಚೇರಿಯಲ್ಲಿ ಎಂಟರ ಆಕಾರ ಸುತ್ತಿ, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಮುಂದೆ ಒಯ್ದು ತೋರಿಸಿ, ಒಂದೇ ಸಲಕ್ಕೆ ಪಾಸಾದೆ. ಲೈಸೆನ್ಸ್ ಕೈಗೆ ಬಂತು. ಕೀಲಿಕೈ ಬರಲಿಲ್ಲ. ಇವತ್ತು ಅಂಗಡಿಗೆ ಮಾಲು ಬರುತ್ತದೆ, ನಾಳೆ ಧಾರವಾಡಕ್ಕೆ ಹೋಗುವುದಿದೆ, ಮಳೆಗಾಲ ಮುಗಿಯಲಿ, ರಸ್ತೆ ಸರಿಯಾಗಲಿ. ದಿನವೂ ಒಂದು ನೆಪ. ‘ನೀ ಕಲ್ತದ್ದು ಪೆಟ್ರೋಲ್ ಗಾಡಿ ಮ್ಯಾಲ. ಇದು ಬ್ಯಾರೆ ಜಾತಿ,’ ಅನ್ನುವುದು ಎಲ್ಲದರ ಕೊನೆಗೆ ಬರುತ್ತಿತ್ತು. ನೂರೈವತ್ತು ಕಿಲೋಮೀಟರ್ ಓಡಬೇಕಾದವಳು ನಾನು ಬಸ್ಸಿನಲ್ಲಿ ಓಡುತ್ತಿದ್ದೆ. ಅದಕ್ಕೆಂದು ಬಂದ ಕಾರು ಎರಡು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಹೋಗಿ, ಸಂಜೆ ಬರುತ್ತಿತ್ತು.

ಒಂದು ಮಳೆಗಾಲದ ಸೋಮವಾರ ಬೆಳಗಿನ ಬಸ್ಸು ರದ್ದಾಯಿತು. ಅಂದು ಶಾಲೆಯ ತಪಾಸಣೆಗೆ ಮೇಲಿನವರು ಬರುವವರಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳು ಬಂದಂತೆ ಮಾತಾಡಿದ್ದಿರಬೇಕು. ನಮ್ಮವರು ಕೀಲಿಕೈಯನ್ನು ಮೊಳೆಯಿಂದ ತೆಗೆದು ಕೈಗಿತ್ತರು.

‘ಕ್ಲಚ್ ಮ್ಯಾಲ ಕಾಲು ಇಡಬ್ಯಾಡ. ಡೀಸೆಲ್ ಗಾಡಿ ತಡಕೊಳ್ಳೂದಿಲ್ಲ,’ ಅಂದರು.

ಮಾವ ಅದಾಗಲೇ ನಳಿಗೆ ಇಳಿಬಿಟ್ಟಿದ್ದರು. ‘ದೂರದ ದಾರಿ ಐತಿ, ಹೊಟ್ಟಿ ತುಂಬ ಇರ್ಲಿ ಅದರದು,’ ಎಂದು ಟ್ಯಾಂಕಿನ ಬಾಯಿತನಕ ಸುರಿದರು.

ಆ ಅರ್ಧ ದಿನದ ಬಗ್ಗೆ ಹೇಳದಿದ್ದರೆ ನನಗೇ ಅನ್ಯಾಯವಾಗುತ್ತದೆ. ಚಾಲೂ ಮಾಡುವ ಮೊದಲು ಸುರುಳಿಯ ಗುರುತಿನ ಹಳದಿ ದೀಪ ಆರುವತನಕ ಕಾಯಬೇಕು, ಕಾದೆ. ಇಂಜಿನ್ ಗಡಗಡ ಎಂದು ಎದ್ದಿತು, ಸೀಟಿನ ಕೆಳಗೆ ಸಣ್ಣ ನಡುಕ. ಅಪ್ಪನ ಟ್ರ್ಯಾಕ್ಟರಿನ ವಾಸನೆ. ದಾಂಡೇಲಿ ದಾಟಿ ಕಾಡು ಹಿಡಿದ ಮೇಲೆ ನನಗೆ ಗೊತ್ತಿಲ್ಲದಂತೆ ಬಾಯಲ್ಲಿ ಹಾಡು ಬಂದಿತ್ತು. ನಿತ್ಯ ಬಸ್ಸಿನ ಕಿಟಕಿಯಿಂದ ನೋಡುವ ರಸ್ತೆಯೇ, ಆದರೆ ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಬಿಡಬೇಕು ಎಂದು ಅಂದು ನಾನು ನಿರ್ಧರಿಸುತ್ತಿದ್ದೆ. ಏರು ಬಂದರೂ ಮೂರನೆಯ ಗೇರಿನಲ್ಲೇ ಎಳೆಯಿತು. ಪಟ್ಟಿಯಲ್ಲಿ ಬರೆದದ್ದು ಸುಳ್ಳಲ್ಲ, ಎಳೆತ ಚೆನ್ನಾಗಿಯೇ ಇತ್ತು. ಮುಂದಿನ ಸೋಮವಾರವೂ ಕೇಳಬೇಕು, ಸುಗ್ಗಿ ಮುಗಿದ ಮೇಲೆ ಒಬ್ಬಳೇ ಇಂದೂರಕ್ಕೆ ಹೋಗಿ ಅಪ್ಪನ ಮುಂದೆ ಇಳಿಯಬೇಕು ಎಂದುಕೊಂಡೆ.

ಗಣೇಶಗುಡಿ ದಾಟಿದ ಮೇಲಿನ ಒಂದು ಏರಿನಲ್ಲಿ ಗಾಡಿ ಒಮ್ಮೆ ಜಗ್ಗಿತು. ಮತ್ತೊಮ್ಮೆ ಜಗ್ಗಿತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಬಂತು, ಬಲ ಬರಲಿಲ್ಲ. ಕನ್ನಡಿಯಲ್ಲಿ ಬಿಳಿ ಹೊಗೆ ಕಂಡಿತು. ಉಳಿದ ಓಟದಲ್ಲೇ ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ ಕೀಲಿಕೈ ತೆಗೆದೆ. ಇಳಿದು ಮಳೆಯಲ್ಲೇ ಕಲ್ಲು ಹುಡುಕಿ ಹಿಂದಿನ ಗಾಲಿಗೆ ಇಟ್ಟೆ. ಮತ್ತೆ ಚಾಲೂ ಮಾಡಲು ಹೋಗಲಿಲ್ಲ. ಏನಾಗಿದೆ ಎಂದು ತಿಳಿಯದೆ ಕೆದಕಬಾರದು ಅನಿಸಿತ್ತು.

ಅಲ್ಲಿ ಮೊಬೈಲ್ ಹತ್ತುವುದಿಲ್ಲ. ದಾಂಡೇಲಿ ಕಡೆ ಹೊರಟಿದ್ದ ಒಂದು ಲಾರಿಯವನ ಕೈಯಲ್ಲಿ ಮನೆಯವರ ನಂಬರ್ ಬರೆದುಕೊಟ್ಟೆ. ಎರಡು ತಾಸಿನ ಮೇಲೆ ನಮ್ಮವರು ಮೋಟರ್ ಸೈಕಲ್ಲಿನಲ್ಲಿ ಬಂದರು, ಹಿಂದೆಯೇ ದಾಂಡೇಲಿಯ ಮಿಸ್ತ್ರಿ ಹಗ್ಗ ಇಟ್ಟುಕೊಂಡು ಜೀಪಿನಲ್ಲಿ ಬಂದ. ಹಳಿಯಾಳ ಕಡೆಯ ಸಿದ್ದಿ ಮನೆತನದವನು, ಡೀಸೆಲ್ ಪಂಪಿನ ಕೆಲಸದಲ್ಲಿ ಸುತ್ತಲ ಊರಿಗೆಲ್ಲ ಗೊತ್ತಿರುವವನು. ಮಿಸ್ತ್ರಿ ಜೀಪು ತಿರುಗಿಸಿ ನಿಲ್ಲಿಸುವಷ್ಟರಲ್ಲಿ ನಮ್ಮವರು ಒಳಗೆ ಕುಳಿತು ಸೆಲ್ಫ್ ಹೊಡೆಯತೊಡಗಿದ್ದರು. ಕರ್ ಕರ್ ಎಂದು ಎಷ್ಟು ಸಲ ಹೊಡೆದರೋ. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಕಿಟಕಿಗಳಿಂದ ಹೊರಬಂದ ತಲೆಗಳಲ್ಲಿ ಅರ್ಧ ನನಗೆ ಪರಿಚಯದವು.

‘ಕ್ಲಚ್ ಮ್ಯಾಲ ಕಾಲು ಇಟ್ಟ ಓಡಿಸ್ಯಾಳ! ಹೇಳಿ ಕಳಿಸಿದ್ದೆ!’ ಎಂದು ಅವರು ಅಷ್ಟೂ ಜನಕ್ಕೆ ಕೇಳುವಂತೆ ಅಂದರು. ‘ಹತ್ತು, ಬಸ್ ಹತ್ತಿ ಹೋಗು.’

ನಾನು ಹತ್ತಿದೆ. ಸೀರೆಯ ಅಂಚಿನಿಂದ ನೀರು ಸುರಿಯುತ್ತಿತ್ತು. ಕಂಡಕ್ಟರ್ ಟಿಕೆಟ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಶಾಲೆ ಸೇರಿದಾಗ ತಪಾಸಣೆಯವರು ಹೋಗಿಯಾಗಿತ್ತು.

ಸಂಜೆ ಮನೆಯಲ್ಲಿ ತೀರ್ಪು ತಯಾರಿತ್ತು. ನಾನು ಹೆಚ್ಚಿನ ಗೇರಿನಲ್ಲಿ, ಅರ್ಧ ಕ್ಲಚ್ ಒತ್ತಿಕೊಂಡು ಏರು ಹತ್ತಿಸಿದ್ದರಿಂದ ಪಂಪಿನ ಮೇಲೆ ಒತ್ತಡ ಬಿದ್ದು ಗಾಡಿ ಸತ್ತಿದೆ ಎಂದು ನಮ್ಮವರು ವಿವರಿಸಿದರು. ಮಿಸ್ತ್ರಿಯೇ ಹಾಗೆ ಹೇಳಿದನೆಂದರು. ಮಾವನಿಗೆ ಸಿಟ್ಟಿರಲಿಲ್ಲ, ದುಃಖವಿತ್ತು. ‘ಎತ್ತು ಹೊಸ ಕೈ ಗುರ್ತಾ ಹಿಡಿತೈತಿ ಯವ್ವಾ. ಇದೂ ಹಂಗ,’ ಅಂದರು. ನಾನು ತಪ್ಪಾಯಿತು ಎಂದೆ. ಮುಂದಿನ ಅಮಾವಾಸ್ಯೆಗೆ ದೃಷ್ಟಿ ತೆಗೆಯಲೆಂದು ಆ ಕಾರಿನ ಸುತ್ತ ಕಾಯಿ ನಿವಾಳಿಸಿ ಒಡೆದವಳೂ ನಾನೇ. ಕೀಲಿಕೈ ಮತ್ತೆ ಮೊಳೆಗೆ ಬರಲಿಲ್ಲ. ಅವರ ಅಂಗಿಯ ಜೇಬಿಗೆ ಹೋಯಿತು.

ಅಲ್ಲಿಂದ ಎರಡು ವರ್ಷ ನಾನು ಬಸ್ಸಿನಲ್ಲಿ ಓಡಾಡಿದೆ. ದಿನವೂ ಆ ಏರು ಬರುತ್ತಿತ್ತು. ಬಂದಾಗಲೆಲ್ಲ ನಾನು ನೆನಪು ಮಾಡಿಕೊಳ್ಳುತ್ತಿದ್ದೆ: ಅಂದು ನನ್ನ ಎಡಗಾಲು ಎಲ್ಲಿತ್ತು? ಮೊದಮೊದಲು ಖಾತ್ರಿಯಿತ್ತು. ಕಾಲು ಪಕ್ಕದಲ್ಲಿತ್ತು, ಚಾಪೆಯ ಮೇಲೆ. ಗೇರ್ ಬದಲಿಸುವಾಗ ಮಾತ್ರ ಎತ್ತಿದ್ದೆ. ಕೆಲವು ತಿಂಗಳಾದ ಮೇಲೆ, ಹಾಡು ಗುನುಗುತ್ತಿದ್ದೆನಲ್ಲ, ಮರೆತು ಇಟ್ಟಿದ್ದೆನೇನೋ ಎನ್ನಿಸತೊಡಗಿತು. ಒಂದು ವರ್ಷವಾಗುವ ಹೊತ್ತಿಗೆ ನನಗೆ ಅದು ಕಾಣುತ್ತಿತ್ತು. ಕಂದು ಬಣ್ಣದ ಚಪ್ಪಲಿ, ತುದಿಯಲ್ಲಿ ಕೆಸರು, ಕ್ಲಚ್ಚಿನ ಮೇಲೆ ಹಗುರವಾಗಿ ಕುಳಿತದ್ದು. ಬಸ್ಸಿನಲ್ಲಿ ಕುಳಿತಲ್ಲೇ ನನ್ನ ಎಡಗಾಲು ಗಟ್ಟಿಯಾಗಿ ಹಿಂದೆ ಸರಿಯುತ್ತಿತ್ತು. ಒಮ್ಮೆ ಇಂದೂರಕ್ಕೆ ಹೋದಾಗ ಅಪ್ಪ ಟ್ರ್ಯಾಕ್ಟರನ್ನು ಸ್ವಲ್ಪ ನೆರಳಿಗೆ ತಂದು ನಿಲ್ಲಿಸವ್ವಾ ಅಂದ. ಹತ್ತಿ ಕುಳಿತೆ, ಚಾಲೂ ಮಾಡದೆಯೇ ಇಳಿದೆ. ಅಪ್ಪ ತಾನೇ ಹತ್ತಿ ಅದನ್ನು ನೆರಳಿಗೆ ತಂದ.

ಆ ಎರಡು ವರ್ಷದಲ್ಲಿ ಕಂಡೂ ಕಾಣದಂತೆ ಹೋದದ್ದು ಒಂದಿದೆ. ಆ ಸೋಮವಾರದ ಬಳಿಕ ಕಾರಿಗೆ ಬ್ಯಾರಲ್ಲಿನ ಎಣ್ಣೆ ಬೀಳಲಿಲ್ಲ. ಮಾವ ಲಾಳಿಕೆ ತಂದರೆ ನಮ್ಮವರು, ‘ಬ್ಯಾಡಪ್ಪಾ, ಹೊಸಾ ಗಾಡಿಗೆ ಪಂಪಿಂದ ಹಾಕ್ಬೇಕಂತ ಕಾಯ್ದೆ ಆಗೇತಿ,’ ಅನ್ನುತ್ತಿದ್ದರು. ಮಾವನಿಗೆ ಅಸಮಾಧಾನ. ನಾನೋ, ಇಂಥದ್ದಕ್ಕೂ ಕಾಯ್ದೆ ಮಾಡುತ್ತಾರಲ್ಲ ಎಂದುಕೊಂಡು ರೊಟ್ಟಿ ಬಡಿಯುತ್ತಿದ್ದೆ. ದಿನಕ್ಕೆ ಮೂವತ್ತು ಮಕ್ಕಳಿಗೆ ಯೋಚನೆ ಮಾಡಿ ಎಂದು ಹೇಳುವವಳು ನಾನು.

ಅದರ ನಡುವೆ ಕಾರು ಹೊಸದೊಂದು ರೋಗ ತಂದುಕೊಂಡಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತಿ ಆರಲೊಲ್ಲದು. ಹುಬ್ಬಳ್ಳಿಗೆ ಒಯ್ದು ತೋರಿಸಿದರು. ಈಗಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಡಬ್ಬಿ ಇರುತ್ತದಂತೆ. ದೂರ ಓಡಿದರೆ ಅದು ಕಾದು ಮಸಿ ತಾನೇ ಸುಟ್ಟುಹೋಗುತ್ತದೆ. ದಿನವೂ ಎರಡೆರಡು ಕಿಲೋಮೀಟರ್ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ‘ವಾರಕ್ಕೊಮ್ಮೆ ದೂರ ಓಡಸ್ರಿ, ಗಾಡಿಗೆ ಉಸಿರಾಡಾಕ ಬೇಕಲ್ರಿ,’ ಎಂದು ಅಲ್ಲಿಯವರು ಹೇಳಿ ಕಳಿಸಿದರು.

ಅಂದಿನಿಂದ ರವಿವಾರ ಕಾರಿನ ಆರೋಗ್ಯದ ವಾರವಾಯಿತು. ನಮ್ಮವರು ಪೇಟೆಯ ಮೂವರು ಗೆಳೆಯರನ್ನು ಕೂರಿಸಿಕೊಂಡು ಹುಬ್ಬಳ್ಳಿಯ ರಸ್ತೆಗೆ ಹೋಗುತ್ತಿದ್ದರು, ಇಲ್ಲವೆ ದಾಂಡೇಲಿ ದಾಟಿ ಕುಳಗಿಯ ಕಾಡಿನತನಕ ಹೋಗಿ ಎಲ್ಲೋ ಮಿರ್ಚಿ ಭಜಿ ತಿಂದು ಬರುತ್ತಿದ್ದರು. ವಾರದ ಆರು ದಿನವೂ ಕಾರಿಗೆ ಬೇಕಾದ ಔಷಧಿಯಂಥ ದಾರಿಯಲ್ಲಿ ನಾನು ಬಸ್ಸಿನ ಸರಳು ಹಿಡಿದು ನಿಂತು ಹೋಗುತ್ತಿದ್ದೆ. ಏಳನೆಯ ದಿನ ಅದನ್ನು ಸುಮ್ಮನೆ ಅಡ್ಡಾಡಿಸಿಕೊಂಡು ಬರಲು ನಾಲ್ಕು ಗಂಡಸರು ಬೇಕಿತ್ತು. ಹೊಟ್ಟೆ ಉರಿಯುತ್ತಿತ್ತು. ಬಾಯಿ ಬಿಡಲು ನನಗೆ ಮುಖವಿರಲಿಲ್ಲ. ಗಾಡಿ ಕೆಡಿಸಿದವಳು ನಾನು.

ಕಳೆದ ವರ್ಷದ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ದಾಂಡೇಲಿಯಲ್ಲಿ ಇಳಿದು ಹಳಿಯಾಳದ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಮುಂದೆ ನಿಂತಿದ್ದೆ. ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಆ ಮಿಸ್ತ್ರಿ ಚಹಾಕ್ಕೆ ಬಂದ. ನನ್ನನ್ನು ನೋಡಿ ನಿಂತ.

‘ಅಕ್ಕೋರ, ಬಸ್ಸಿನ್ಯಾಗ ಯಾಕ್ರಿ? ಗಾಡಿ ಮಾರಿದ್ರೇನು?’

‘ಇಲ್ಲಪಾ, ಐತಿ. ಅವರ ಓಡಸ್ತಾರ.’

‘ಬ್ಯಾರಲ್ ಎಣ್ಣಿ ಹಾಕೂದು ಬಿಟ್ಟಾರೋ ಇಲ್ಲೋ ಈಗರ?’

ನನಗೆ ತಿಳಿಯಲಿಲ್ಲ. ಬ್ಯಾರಲ್ ಎಣ್ಣೆಗೆ ಏನಾಗಿತ್ತು ಎಂದು ಕೇಳಿದೆ. ಅವನು ಚಹಾದ ಲೋಟ ಹಾಗೆಯೇ ಇಟ್ಟು, ‘ಬರ್ರಿ ಇಲ್ಲೆ,’ ಎಂದು ನಿಲ್ದಾಣದ ಹಿಂದಿನ ತನ್ನ ಗ್ಯಾರೇಜಿಗೆ ಕರೆದೊಯ್ದ. ದೇವರ ಫೋಟೋದ ಪಕ್ಕದ ಹಲಗೆಯ ಮೇಲಿಂದ ಒಂದು ನೀರಿನ ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಮೇಲೆ ಹಳದಿ ಡೀಸೆಲ್. ಕೆಳಗೆ ನಾಲ್ಕು ಬೆರಳಷ್ಟು ನೀರು. ನೀರಿನ ತಳದಲ್ಲಿ ಕೆಂಪು ತುಕ್ಕು.

‘ಇದು ನಿಮ್ಮ ಗಾಡೀದ ರಿ. ಅವತ್ತ ಫಿಲ್ಟರ್ ಬಿಚ್ಚಿ ಹಿಡದದ್ದು. ಬ್ಯಾರಲ್ ಎಣ್ಣಿ ಹಾಕೂ ಮಂದಿಗೆ ತೋರಸಾಕಂತ ಇಟ್ಟೇನಿ. ಟ್ರ್ಯಾಕ್ಟರ್ ಹಳೇದು ಇರ್ತೈತಿ, ಏನ್ ಕುಡಿಸಿದ್ರೂ ಕುಡಿತೈತಿ. ಈ ಹೊಸಾ ಗಾಡಿ ಒಂದು ಲೋಟ ನೀರಿಗೆ ಸಾಯ್ತಾವ.’

ಮಳೆಗಾಲದಲ್ಲಿ ಚಪ್ಪರ ಸೋರಿ, ಬ್ಯಾರಲ್ಲಿನ ಬಿರಡೆಯ ಸಂದಿಯಿಂದ ನೀರು ಇಳಿದು ತಳದಲ್ಲಿ ನಿಂತಿರುತ್ತದೆ, ನಳಿಗೆ ತಳ ಮುಟ್ಟಿದರೆ ಮೊದಲು ಬರುವುದೇ ಅದು ಎಂದು ಅವನು ಬಿಡಿಸಿ ಹೇಳಿದ. ನಾನು ಒಂದೇ ಪ್ರಶ್ನೆ ಕೇಳಿದೆ.

‘ನಾ ಕ್ಲಚ್ ಮ್ಯಾಲ ಕಾಲು ಇಟ್ಟಿದ್ದಕ್ಕ ಆತು ಅಂದ್ರಲ್ಲ?’

‘ಕ್ಲಚ್ಚಿಗೂ ಎಣ್ಣೀಗೂ ಏನ್ರಿ ಸಂಬಂಧ?’ ಎಂದು ಅವನು ನಕ್ಕ. ನಾನು ನಗದ್ದನ್ನು ನೋಡಿ ನಿಲ್ಲಿಸಿದ. ‘ಕ್ಲಚ್ ಪ್ಲೇಟ್ ನಾ ನೋಡೇನ್ರಿ, ಹೊಸಾದಿದ್ದಂಗಿತ್ತು. ಖರೇ ಹೇಳ್ಬೇಕಂದ್ರ ನೀವು ಜಗ್ಗಿದ ಕೂಡ್ಲೆ ಬದೀಗ ತಂದು ಬಂದ್ ಮಾಡಿ ಮುಟ್ಟದಂಗ ಬಿಟ್ಟಿದ್ರಿ, ಅದಕ್ಕ ಇಂಜೆಕ್ಟರ್ ಉಳದ್ವು. ನಾ ಬಂದ ಮ್ಯಾಲ ಸೆಲ್ಫ್ ಹೊಡದು ಒಂದನ್ನ ಕೆಡಿಸಿದವರು ಸಾಹೇಬ್ರು. ಇದನ್ನೆಲ್ಲಾ ಅವರ ಮುಂದ ಹೇಳೇನಲ್ರಿ. ಈ ಬಾಟ್ಲಿ ಅವರ ಕೈಯಾಗ ಕೊಟ್ಟಿದ್ದೆ. ಹಿಂದಕ್ಕ ಇಟ್ಟು ಹೋದ್ರು.’

ಹಳಿಯಾಳದ ಬಸ್ಸು ಬಂದು ಹೋದದ್ದು ನನಗೆ ಕಾಣಿಸಿತು. ಬಾಟಲಿ ಕೊಡುತ್ತೀಯಾ ಎಂದು ಕೇಳಿದೆ. ಅವನಿಗೆ ಆಗಲೇ ಏನೋ ತಿಳಿದಿತ್ತು, ಕೊಡಲೋ ಬೇಡವೋ ಎಂದು ನಿಂತ. ಕೊನೆಗೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ಸಂಜೆ ನಮ್ಮವರು ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕುಳಿತರು. ನಾನು ಚಹಾದ ಜೊತೆಗೆ ಬಾಟಲಿಯನ್ನೂ ತಂದು ಅವರ ಮುಂದಿಟ್ಟೆ. ಬಸ್ಸಿನಲ್ಲಿ ಕಲಕಿಹೋಗಿದ್ದದ್ದು ಅಷ್ಟರಲ್ಲಿ ಮತ್ತೆ ತಿಳಿಗಟ್ಟಿ, ನೀರು ಬೇರೆ ಎಣ್ಣೆ ಬೇರೆ ಆಗಿತ್ತು. ಅವರು ನೋಡಿದರು. ‘ಏನಿದು’ ಎಂದು ಕೇಳಲಿಲ್ಲ.

‘ಅಂವಾ ಕೊಟ್ನೇನು?’ ಅಂದರು.

‘ನಿಮಗ ಅವತ್ತ ಗೊತ್ತಿತ್ತಲ್ರೀ.’

‘ಸಾವಕಾಶ ಮಾತಾಡು. ಅಪ್ಪ ಒಳಗ ಅದಾನ. ಅಪ್ಪನ ಬ್ಯಾರಲ್ಲಿನ್ಯಾಗ ನೀರೈತಿ ಅಂತ ಹೆಂಗ ಹೇಳ್ಲಿ ನಾ? ಈ ವಯಸ್ಸಿನ್ಯಾಗ ಜೀವಕ್ಕ ಹಚಗೊಂತಾನ.’

‘ಮಾವಾರಿಗೆ ಹೇಳಬ್ಯಾಡ್ರಿ, ಬಿಡ್ರಿ. ನನಗ ಹೇಳಬಹುದಿತ್ತಲ್ಲ? ಎರಡು ವರ್ಷ ಆತ್ರಿ.’

ಅವರು ಚಹಾ ಪೂರ್ತಿ ಕುಡಿದರು. ಬಸಿಯಲ್ಲಿ ಕಪ್ಪು ಇಟ್ಟರು.

‘ಹೇಳಿದ್ರ ನೀ ಮತ್ತ ಚಾವಿ ಕೇಳ್ತಿದ್ದಿ,’ ಅಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಬಂದ ರೈತನಿಗೆ ಈ ಸಲ ಆ ಬೀಜ ಬಂದಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದರು. ನನಗೆ ಮಾವನ ಮೇಲಿನ ಅವರ ಪ್ರೀತಿ ಅರ್ಥವಾಗುತ್ತಿತ್ತು, ಅದನ್ನಾದರೂ ಕ್ಷಮಿಸಬಹುದಿತ್ತು. ಈ ಮಾತನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಗೆ ಉಂಡವರು, ನನಗೆ ಜ್ವರ ಬಂದರೆ ಡಾಕ್ಟರರ ಮನೆಗೇ ಹೋಗಿ ಕರೆತರುವವರು, ನಾನು ನನ್ನ ಮೇಲಿನ ನಂಬಿಕೆ ಕಳೆದುಕೊಂಡದ್ದನ್ನು ದಿನವೂ ಕಣ್ಣಾರೆ ಕಂಡು, ಸುಲಭವಾಯಿತು ಎಂದು ಸುಮ್ಮನಿದ್ದರು.

ಮರುದಿನ ಬೆಳಿಗ್ಗೆ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ನಾನೇ ಕೀಲಿಕೈ ತೆಗೆದುಕೊಂಡೆ. ಅವರು ಹಲ್ಲುಜ್ಜುತ್ತ ನಿಂತು ನೋಡಿದರು, ತಡೆಯಲಿಲ್ಲ. ಅಂಗಳದಲ್ಲೇ ಎರಡು ಸಲ ಗಾಡಿ ಬಂದ್ ಬಿತ್ತು. ಮೂರನೆಯ ಸಲ ಗೇಟು ದಾಟುವಾಗ ಹಿಂದಿನಿಂದ ಅವರ ದನಿ ಕೇಳಿತು.

‘ಕ್ಲಚ್ ಮ್ಯಾಲ ಕಾಲು ಇಡಬ್ಯಾಡ!’

ರೂಢಿಯಿಂದ ಬಂದ ಮಾತು. ತಾವು ಏನು ಅಂದೆವೆಂದು ಅವರಿಗೆ ಆ ಕ್ಷಣ ಹೊಳೆದಿರಲಿಕ್ಕಿಲ್ಲ.

ಈಗ ದಿನವೂ ಕಾರು ನನ್ನ ಜೊತೆ ಕುಂಬಾರವಾಡಕ್ಕೆ ಬರುತ್ತದೆ. ಮಸಿಯ ದೀಪ ಒಮ್ಮೆಯೂ ಹತ್ತಿಲ್ಲ. ಪಟ್ಟಿಯ ಎಡಗಡೆ ಬರೆದದ್ದೆಲ್ಲ ಖರೆಯೇ. ಮೈಲೇಜ್ ಕೊಡುತ್ತದೆ, ಏರಿಗೆ ಹಿಂಜರಿಯುವುದಿಲ್ಲ, ಇನ್ನೂ ಬಹಳ ವರ್ಷ ಬಾಳುತ್ತದೆ. ಸದ್ದಿದೆ, ಸೀರೆಗೆ ವಾಸನೆ ಹತ್ತುತ್ತದೆ, ಅವೂ ಖರೆ. ಭಾರ ಮಾತ್ರ ನನ್ನ ಕೈಗೆ ಯಾವತ್ತೂ ಆಗಿಲ್ಲ. ಮಾವ ಇವತ್ತಿಗೂ ನಳಿಗೆ ಬಾಯಿಗಿಟ್ಟು ಟ್ರ್ಯಾಕ್ಟರಿಗೆ ಎಣ್ಣೆ ಎಳೆಯುತ್ತಾರೆ, ನನ್ನನ್ನು ಕಂಡಾಗ ಆ ಹಾಳು ಕಾಯ್ದೆ ಇನ್ನೂ ತೆಗೆದಿಲ್ಲವೇ ಎಂದು ಕೇಳುತ್ತಾರೆ. ಇಲ್ಲರಿ ಮಾವಾರ ಎನ್ನುತ್ತೇನೆ. ನಮ್ಮವರು ಅಂಗಡಿಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಬಂದ ಗಿರಾಕಿಗಳ ಮುಂದೆ, ‘ಡೀಸೆಲ್ ಗಾಡಿ ಒಬ್ಬಾಕಿನ ಜೋಯಿಡಾ ದಾಟಸ್ತಾಳ್ರಿ. ನಾನ ಕಲಿಸೇನಿ,’ ಅನ್ನುತ್ತಾರೆಂದು ಕೇಳಿದವರು ಬಂದು ಹೇಳಿದ್ದಾರೆ.

ಗಣೇಶಗುಡಿ ದಾಟಿದ ಮೇಲೆ ಆ ಏರು ಬರುತ್ತದೆ. ನಾನಿಟ್ಟ ಕಲ್ಲು ಇನ್ನೂ ರಸ್ತೆಯ ಬದಿಯಲ್ಲೇ ಬಿದ್ದಿದೆ. ಬಾಟಲಿಯನ್ನು ಕಣ್ಣಾರೆ ನೋಡಿದ್ದೇನೆ, ಮಿಸ್ತ್ರಿ ಹೇಳಿದ್ದನ್ನು ಕೇಳಿದ್ದೇನೆ, ಕ್ಲಚ್ಚಿಗೂ ಎಣ್ಣೆಗೂ ಸಂಬಂಧವಿಲ್ಲವೆಂದು ಗೊತ್ತಿದೆ. ಆದರೂ ಆ ಸೋಮವಾರವನ್ನು ನೆನೆದರೆ, ಚಾಪೆಯ ಮೇಲೆ ಇದ್ದ ಕಾಲು ನೆನಪಿಗೆ ಬರುವುದಿಲ್ಲ. ತುದಿಗೆ ಕೆಸರು ಹತ್ತಿದ ಕಂದು ಚಪ್ಪಲಿ ಕ್ಲಚ್ಚಿನ ಮೇಲೆ ಕುಳಿತದ್ದೇ ಕಾಣುತ್ತದೆ. ಅದನ್ನು ಅಲ್ಲಿಂದ ತೆಗೆಯಲು ನನಗೆ ಇನ್ನೂ ಬಂದಿಲ್ಲ.